ಬಂಡೆಯ ನೀರು ಇಳಿಯುವ ಕಡೆ

(ಸಾರ್ವಜನಿಕ ಉಪನ್ಯಾಸವೊಂದರ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಬಳ್ಳಾರಿಯಿಂದ ಹೊಸಪೇಟೆಗೆ ಹೋಗುವ ದಾರಿಯಲ್ಲಿ ಕುಡತಿನಿ ಎಂಬ ಊರು ಸಿಗುತ್ತದೆ. ಅಲ್ಲೊಂದು ಬೂದಿದಿಬ್ಬ ಇದೆ. ಗೊತ್ತಿಲ್ಲದವರು ಮಣ್ಣಿನ ದಿಬ್ಬ ಎಂದುಕೊಂಡು ದಾಟಿ ಹೋಗುತ್ತಾರೆ. ಹತ್ತಿರ ಹೋಗಿ ಕೈಯಲ್ಲಿ ಹಿಡಿದು ಉಜ್ಜಿದರೆ ನಿಜವಾಗಿಯೂ ಬೂದಿ. ಕೆಲವು ಪದರಗಳು ಬೆಂಕಿಯ ಕಾವಿಗೆ ಕರಗಿ, ಮತ್ತೆ ಗಟ್ಟಿಯಾಗಿ, ಕಮ್ಮಾರನ ಕುಲುಮೆಯ ಕಿಟ್ಟದಂತೆ ತೂತು ತೂತಾಗಿವೆ. ಇದು ರಾಕ್ಷಸರನ್ನು ಸುಟ್ಟ ಬೂದಿ ಎಂದು ಸುತ್ತಲಿನ ಜನ ತಲೆಮಾರುಗಳಿಂದ ಹೇಳಿಕೊಂಡು ಬಂದಿದ್ದಾರೆ. 19ನೆಯ ಶತಮಾನದಲ್ಲಿ ಇಂಥ ದಿಬ್ಬಗಳನ್ನು ನೋಡಿದ ಬ್ರಿಟಿಷ್ ಅಧಿಕಾರಿಗಳೂ ಜ್ವಾಲಾಮುಖಿಯೋ, ಕುಲುಮೆಯ ಕಸವೋ, ಹೆಣಗಳನ್ನು ರಾಶಿ ಹಾಕಿ ಸುಟ್ಟಿದ್ದೋ ಎಂದು ತಲೆ ಕೆಡಿಸಿಕೊಂಡರು.

ಅದು ಸಗಣಿಯ ಬೂದಿ. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಈ ಊಹೆಯನ್ನು ಮುಂದಿಟ್ಟಿದ್ದರು. ಮುಂದೆ ಪ್ರಯೋಗಾಲಯದ ಪರೀಕ್ಷೆಗಳೂ ಅದನ್ನೇ ಹೇಳಿದವು. ಬಳ್ಳಾರಿ, ಕೊಪ್ಪಳ, ರಾಯಚೂರು, ಯಾದಗಿರಿ, ಆಚೆಗೆ ಆಂಧ್ರ ಮತ್ತು ತೆಲಂಗಾಣದ ಗಡಿಭಾಗಗಳಲ್ಲಿ ಇಂಥ 100ಕ್ಕೂ ಹೆಚ್ಚು ದಿಬ್ಬಗಳು ಸಿಕ್ಕಿವೆ. ಸುಮಾರು 5000 ವರ್ಷಗಳ ಹಿಂದೆ ದನ ಸಾಕುತ್ತಿದ್ದ ಜನ ಒಂದೇ ಜಾಗದಲ್ಲಿ ಸಗಣಿಯನ್ನು ರಾಶಿ ಹಾಕಿದರು, ಸುಟ್ಟರು, ಮತ್ತೆ ರಾಶಿ ಹಾಕಿದರು. ಎಷ್ಟೋ ತಲೆಮಾರು ಇದನ್ನೇ ಮಾಡಿದರು. ದಕ್ಷಿಣ ಭಾರತದಲ್ಲಿ ನೆಲೆ ನಿಂತು ಬಾಳಿದ ಮೊದಲ ಹಳ್ಳಿಗಳ ಗುರುತು ಈ ಬೂದಿಯಲ್ಲಿದೆ.

ಇವತ್ತು ನಾನು ಎತ್ತಿಕೊಂಡಿರುವ ಪ್ರಶ್ನೆ ಇಷ್ಟೇ: ಅಲ್ಲೇ ಏಕೆ? ವರ್ಷಕ್ಕೆ ಸುಮಾರು 500 ಮಿಲಿಮೀಟರ್ ಮಳೆ ಬೀಳುವ, ಪಶ್ಚಿಮ ಘಟ್ಟದ ಮಳೆನೆರಳಿನಲ್ಲಿ ಒಣಗಿ ನಿಂತ ಸೀಮೆ ಅದು. ಬೇಸಿಗೆಯಲ್ಲಿ ಬಂಡೆಯ ಮೇಲೆ ಕಾಲಿಡಲಾಗದು. ಮಲೆನಾಡಿನಲ್ಲಿ ನೀರಿಗೆ ಬರವಿಲ್ಲ, ಕಾಡಿಗೆ ಬರವಿಲ್ಲ. ಹಾಗಿದ್ದೂ ಬೇಸಾಯ ಮತ್ತು ದನಗಾರಿಕೆಯ ಮೊದಲ ಹಳ್ಳಿಗಳು ಸಾಲಾಗಿ ಎದ್ದದ್ದು ಈ ಬಿರುಬಿಸಿಲಿನ ನಾಡಿನಲ್ಲಿ. ನಮಗೆ ಇವತ್ತು ಯಾವುದು ಒಳ್ಳೆಯ ಜಾಗ ಅನ್ನಿಸುತ್ತದೋ ಅದೇ ಅವರಿಗೂ ಒಳ್ಳೆಯ ಜಾಗವಾಗಿತ್ತು ಎಂದುಕೊಂಡರೆ ಮೊದಲ ಹೆಜ್ಜೆಯಲ್ಲೇ ದಾರಿ ತಪ್ಪುತ್ತೇವೆ. ಕಲ್ಲುಗೊಡಲಿ ಹಿಡಿದವನಿಗೆ ದಟ್ಟ ಕಾಡು ಹೊಲವಾಗುವ ನೆಲವಲ್ಲ. ಹುಲ್ಲು, ಕುರುಚಲು, ಅಲ್ಲೊಂದು ಇಲ್ಲೊಂದು ಮರ ಇರುವ ಬಯಲುಸೀಮೆ ದನಕ್ಕೂ ಒಗ್ಗುತ್ತದೆ, ಕಿರುಧಾನ್ಯಕ್ಕೂ ಒಗ್ಗುತ್ತದೆ.

ನೀರಿನ ಮಾತು ಬರಬೇಕಾದರೆ ಮೊದಲು ಬಂಡೆಯ ಮಾತು ಬರಬೇಕು. ಕರ್ನಾಟಕದ ಬೆನ್ನಿನ ಮೇಲೆ ದಕ್ಷಿಣೋತ್ತರವಾಗಿ ಸುಮಾರು 400 ಕಿಲೋಮೀಟರ್ ಉದ್ದದ ಗ್ರಾನೈಟ್ ಪಟ್ಟಿಯೊಂದಿದೆ. ಭೂವಿಜ್ಞಾನಿಗಳು ಅದನ್ನು ಕ್ಲೋಸ್‌ಪೇಟೆ ಗ್ರಾನೈಟ್ ಎನ್ನುತ್ತಾರೆ. ಕ್ಲೋಸ್‌ಪೇಟೆ ಅಂದರೆ ನಮ್ಮ ರಾಮನಗರದ ಹಳೆಯ ಹೆಸರು. ಅದರ ವಯಸ್ಸು ಸುಮಾರು 250 ಕೋಟಿ ವರ್ಷ. ಬಳ್ಳಾರಿ, ಕೊಪ್ಪಳ, ರಾಯಚೂರು ಕಡೆಯ ಕಲ್ಲುಗುಡ್ಡಗಳೂ ಹೆಚ್ಚುಕಡಿಮೆ ಅದೇ ಕಾಲದ ಗ್ರಾನೈಟಿನವು. ಈ ಕಲ್ಲು ಸವೆಯುವ ರೀತಿಯೇ ಬೇರೆ. ಈರುಳ್ಳಿಯ ಸಿಪ್ಪೆಯಂತೆ ಹಪ್ಪಳ ಹಪ್ಪಳವಾಗಿ ಏಳುತ್ತದೆ. ಬಿರುಕು ಬಿಟ್ಟ ಕಡೆ ನೀರು ಇಳಿದು ಮೂಲೆಗಳನ್ನು ತಿಂದು ದುಂಡಗೆ ಮಾಡುತ್ತದೆ. ಕೊನೆಗೆ ಉಳಿಯುವುದು ಒಂದರ ಮೇಲೊಂದು ಕೂತ ಗುಂಡುಗಳು, ಅವುಗಳ ನಡುವೆ ಗವಿಗಳು, ಹಾಸುಬಂಡೆಯ ಮೇಲೆ ದೊಣೆಗಳು. ಬೇಸಿಗೆಯ ನಡುವಿನಲ್ಲೂ ಕೆಲವು ದೊಣೆಗಳಲ್ಲಿ ನೀರು ನಿಂತಿರುವುದನ್ನು ಈ ಗುಡ್ಡಗಳನ್ನು ಹತ್ತಿದವರೆಲ್ಲ ನೋಡಿರುತ್ತಾರೆ.

ಆದರೆ ಊರನ್ನು ಸಾಕಿದ್ದು ದೊಣೆಯಲ್ಲ, ಬಂಡೆಯ ಮೈ. ಬರಿಬಂಡೆ ನೀರನ್ನು ಕುಡಿಯುವುದಿಲ್ಲ, ಬಿದ್ದ ಮಳೆಯನ್ನೆಲ್ಲ ಕೆಳಕ್ಕೆ ಜಾರಿಸುತ್ತದೆ. ಒಂದು ಎಕರೆ ಬಂಡೆಯ ನೀರು ಬುಡದ ಅರ್ಧ ಎಕರೆ ನೆಲಕ್ಕೆ ಇಳಿಯಿತು ಎಂದುಕೊಳ್ಳಿ. ಆಗ ಆ ನೆಲಕ್ಕೆ ಆಕಾಶದಿಂದ ಬಿದ್ದ 500 ಮಿಲಿಮೀಟರ್ ಜೊತೆಗೆ ಗುಡ್ಡದಿಂದ ಇನ್ನೂ 1000 ಮಿಲಿಮೀಟರ್ ಬಂದಂತೆ. ಆವಿಯಾಗಿದ್ದು, ಹಳ್ಳಕ್ಕೆ ಹರಿದುಹೋಗಿದ್ದು ಎಲ್ಲ ಕಳೆದರೂ ಪಕ್ಕದ ಬಯಲಿನ ಎರಡು ಪಟ್ಟು ನೀರಾದರೂ ಸಿಕ್ಕೀತು. ಇದು ಅಂದಾಜಿನ ಲೆಕ್ಕ. ಆದರೆ ಇವತ್ತಿಗೂ ಮಳೆ ಕೈಕೊಟ್ಟ ವರ್ಷ ಗುಡ್ಡದ ಬುಡದ ಹೊಲ ಒಂದಿಷ್ಟು ದಿನ ಹೆಚ್ಚು ಹಸಿರಾಗಿರುತ್ತದೆ ಎಂಬುದು ರೈತರಿಗೆ ಗೊತ್ತಿರುವ ವಿಷಯ.

ಇನ್ನು ಮಣ್ಣು. ಗುಡ್ಡದ ಬುಡದಲ್ಲಿ ಗ್ರಾನೈಟ್ ಸವೆದು ಬಂದ ಮರಳು ಮರಳಾದ ಕೆಂಪು ನೆಲ. ಆ ಕಡೆಯವರು ಮಸಾರಿ ಎನ್ನುತ್ತಾರೆ. ಸ್ವಲ್ಪ ದೂರ ಹೋದರೆ ಎರೆ ಭೂಮಿ, ಕಪ್ಪು ಮಣ್ಣು. ಎರೆ ಹೆಚ್ಚು ಫಲವತ್ತಾದ ನೆಲ, ನಿಜ. ಆದರೆ ಮಳೆ ಬಂದರೆ ಕಾಲು ಕೀಳಲು ಬಿಡದು, ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರುಕು ಬಿಡುತ್ತದೆ. ಕಬ್ಬಿಣದ ಕುಳವಿಲ್ಲದವನಿಗೆ ಅದು ಒಲಿಯುವುದು ಕಷ್ಟ. ಮಸಾರಿಯಲ್ಲಾದರೆ ಅಗೆಯುವ ಕೋಲು ಸಾಕು. ಎರೆಯ ಮೇಲೆ ಹುಲ್ಲು ಚೆನ್ನಾಗಿ ಬೆಳೆಯುತ್ತದೆ, ಅದು ದನಕ್ಕೆ. ಹಾಗಾಗಿ ಈ ಎರಡು ನೆಲಗಳ ಅಂಚಿನಲ್ಲಿ, ಬೆನ್ನಿಗೆ ಗುಡ್ಡ ಇಟ್ಟುಕೊಂಡು ಕೂತವನಿಗೆ ಒಂದು ಕಡೆ ಹೊಲ, ಇನ್ನೊಂದು ಕಡೆ ದನ ಮೇಯುವ ಕಾವಲು, ತಲೆಯ ಮೇಲೆ ನೀರು. ನಾನು ಇವತ್ತು ಹೇಳಬೇಕೆಂದಿರುವುದರ ತಿರುಳು ಈ ಅಂಚಿನಲ್ಲಿದೆ. ಹಳೆಯ ಜನ ಹುಡುಕಿದ್ದು ಅತಿ ಫಲವತ್ತಾದ ನೆಲವನ್ನಲ್ಲ. ಎರಡು ಮೂರು ಬಗೆಯ ನೆಲ ಒಂದೇ ನಡಿಗೆಯ ದೂರದಲ್ಲಿ ಸೇರುವ ಜಾಗವನ್ನು.

ಬಳ್ಳಾರಿಯ ಪಕ್ಕದ ಸಂಗನಕಲ್ಲಿನ ಗುಡ್ಡಗಳನ್ನೇ ನೋಡಿ. ಅಲ್ಲಿ ಹಳೆಯ ನೆಲೆ ಇದೆ ಎಂದು 19ನೆಯ ಶತಮಾನದಲ್ಲೇ ಫೂಟ್ ಗುರುತಿಸಿದ್ದರು. 1940ರ ದಶಕದಲ್ಲಿ ಪುರಾತತ್ವಜ್ಞ ಬಿ. ಸುಬ್ಬರಾವ್ ಅಗೆದರು. ಆಮೇಲೂ ಹಲವು ತಂಡಗಳು ಬಂದವು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ರವಿ ಕೊರಿಶೆಟ್ಟರ್ ಅವರು ದೇಶ ವಿದೇಶಗಳ ವಿದ್ವಾಂಸರ ಜೊತೆ ಸೇರಿ ವರ್ಷಗಟ್ಟಲೆ ಅಲ್ಲಿ ಕೆಲಸ ಮಾಡಿದ್ದಾರೆ. ಇಲ್ಲಿ ಜನ ಬುಡದಲ್ಲಷ್ಟೇ ಅಲ್ಲ, ಗುಡ್ಡದ ಮೇಲಿನ ಸಮತಟ್ಟಿನಲ್ಲೂ ಮನೆ ಕಟ್ಟಿದ್ದರು. ಗಾಳಿ, ರಕ್ಷಣೆ, ದೊಣೆಯ ನೀರು ಮೂರೂ ಅಲ್ಲಿದ್ದವು. ಮನೆಗಳು ದುಂಡಗಿನ ಗುಡಿಸಲುಗಳು, ತಡಿಕೆಗೆ ಮಣ್ಣು ಮೆತ್ತಿದವು. ಹಾಸುಬಂಡೆಯ ಮೇಲೆ ಧಾನ್ಯ ಅರೆದು ಅರೆದು ಬಿದ್ದ ನುಣುಪಾದ ತಗ್ಗುಗಳು ಈಗಲೂ ಇವೆ. ಅಂಥದೊಂದು ತಗ್ಗಿನಲ್ಲಿ ಅಂಗೈ ಇಟ್ಟು ನೋಡಿದ ದಿನ ನನಗೆ ಮಾತೇ ಹೊರಡಲಿಲ್ಲ. ಎಷ್ಟು ಹೆಂಗಸರ ಎಷ್ಟು ವರ್ಷಗಳ ಬೆಳಗು ಅದರಲ್ಲಿ ಕರಗಿದೆಯೋ!

ಅದೇ ಸಾಲಿನ ಕುಪ್ಪಗಲ್ಲಿನ ಹಿರೇಗುಡ್ಡದಲ್ಲಿ ಇನ್ನೊಂದು ಕೊಡುಗೆ ಇತ್ತು. ಗ್ರಾನೈಟಿನ ಗುಡ್ಡವನ್ನು ಸೀಳಿಕೊಂಡು ಡಾಲರೈಟ್ ಎಂಬ ಕರಿಕಲ್ಲಿನ ಗೋಡೆಯೊಂದು ಎದ್ದಿದೆ. ಭೂಮಿಯ ಒಳಗಿನ ಕರಗಿದ ಶಿಲೆ ಬಿರುಕಿನಲ್ಲಿ ನುಗ್ಗಿ ತಣಿದು ಆದದ್ದು. ಗ್ರಾನೈಟಿನ ಕಣ ದಪ್ಪ, ಕೊಡಲಿಗೆ ಬಾರದು. ಈ ಕರಿಕಲ್ಲು ಸಣ್ಣ ಕಣದ್ದು, ಗಟ್ಟಿ, ಚಕ್ಕೆ ಎಬ್ಬಿಸಿದರೆ ಕೈಗೆ ಬೇಕಾದ ಆಕಾರಕ್ಕೆ ಬರುತ್ತದೆ, ತಿಕ್ಕಿದರೆ ಹೊಳೆಯುತ್ತದೆ. ಹಿರೇಗುಡ್ಡದಲ್ಲಿ ಕಲ್ಲುಗೊಡಲಿ ತಯಾರಿಸುವ ದೊಡ್ಡ ಕಾರ್ಯಾಗಾರವೇ ನಡೆಯಿತು. ಚಕ್ಕೆಗಳ ರಾಶಿ, ಅರ್ಧಕ್ಕೆ ಬಿಟ್ಟ ಕೊಡಲಿ, ತಿಕ್ಕಿ ನುಣುಪು ಮಾಡಿದ ಗೀರುಗಳು ಎಲ್ಲ ಅಲ್ಲಿವೆ. ಸಗಣಿ ಸುಡುವ ರೂಢಿ ಇಳಿಮುಖವಾದ ಮೇಲೆ, ಕ್ರಿ.ಪೂ. 2ನೆಯ ಸಹಸ್ರಮಾನದ ಉತ್ತರಾರ್ಧದಲ್ಲಿ, ಈ ಕೊಡಲಿಯ ಕೆಲಸ ಜೋರಾಯಿತು. ಗುಡ್ಡ ಅದೇ, ಅದರಿಂದ ಜನ ಕೇಳಿಕೊಂಡದ್ದು ಮಾತ್ರ ಬದಲಾಯಿತು.

ಸುಬ್ಬರಾವ್ ಅವರ ಹೆಸರು ಬಂದಿದ್ದರಿಂದ ಅವರ ವಿಚಾರವೊಂದನ್ನು ಹೇಳಲೇಬೇಕು. ಬಳ್ಳಾರಿಯ ಬಿಸಿಲಿನಲ್ಲಿ ಕೆಲಸ ಕಲಿತ ಈ ವಿದ್ವಾಂಸರು ಮುಂದೆ ಇಡೀ ಭಾರತವನ್ನು ಭೂಗೋಳದ ಕಣ್ಣಿನಿಂದ ನೋಡಿದರು. ದೊಡ್ಡ ನದಿಬಯಲುಗಳು ಜನರನ್ನು ಸೆಳೆಯುವ ಪ್ರದೇಶಗಳು, ಕೆಲವು ಭಾಗಗಳು ತುಸು ಒಂಟಿಯಾದವು, ಕಾಡುಮೇಡುಗಳು ಪೂರ್ತಿ ಒಂಟಿಯಾದವು ಎಂದು ವಿಂಗಡಿಸಿದರು. ಇದು ಬಹಳ ಉಪಯೋಗಕ್ಕೆ ಬಂದ ಚೌಕಟ್ಟು. ಆದರೂ ಅವರು ಅಗೆದ ಗುಡ್ಡವೇ ಆ ಚೌಕಟ್ಟನ್ನು ಸ್ವಲ್ಪ ಅಲುಗಾಡಿಸುತ್ತದೆ ಎಂದು ನನ್ನ ಅನಿಸಿಕೆ. ದೇಶದ ನಕ್ಷೆಯಲ್ಲಿ ನೋಡಿದರೆ ಸಂಗನಕಲ್ಲು ಯಾವ ಮಹಾನದಿಯ ಬಯಲಿನಲ್ಲೂ ಇಲ್ಲ. ಒಂದು ಗುಡ್ಡ, ಒಂದು ಹಳ್ಳ, ಎರಡು ಬಗೆಯ ಮಣ್ಣು ಕಾಣುವಷ್ಟು ಹತ್ತಿರ ಹೋಗಿ ನೋಡಿದರೆ ಅದೇ ಸೆಳೆಯುವ ಜಾಗ.

ಈ ನೀರಿನ ಜಾಡು ಇನ್ನೂ ಎಷ್ಟು ಹಿಂದಕ್ಕೆ ಹೋಗುತ್ತದೆ ಎಂಬುದಕ್ಕೆ ಯಾದಗಿರಿ ಜಿಲ್ಲೆಯ ಹುಣಸಗಿ–ಬೈಚಬಾಳ ಕಣಿವೆಯನ್ನು ನೋಡಬೇಕು. ಪುರಾತತ್ವಜ್ಞ ಕೆ. ಪದ್ದಯ್ಯ ಅವರು ದಶಕಗಳ ಕಾಲ ಕಾಲ್ನಡಿಗೆಯಲ್ಲಿ ಹುಡುಕಿದ ಕಣಿವೆ ಅದು. ಸುಮಾರು 500 ಚದರ ಕಿಲೋಮೀಟರಿನಲ್ಲಿ ಹಳೆಯ ಶಿಲಾಯುಗದ 200ಕ್ಕೂ ಹೆಚ್ಚು ತಾಣಗಳು ಸಿಕ್ಕಿವೆ. ಅಲ್ಲಿನ ಇಸಾಂಪುರದಲ್ಲಿ ಸುಣ್ಣಕಲ್ಲಿನ ಹಲಗೆಗಳನ್ನು ಎಬ್ಬಿಸಿ ಆಯುಧ ಮಾಡುತ್ತಿದ್ದ ಜಾಗದ ಕಾಲ ಸುಮಾರು 12 ಲಕ್ಷ ವರ್ಷ ಎಂದು ಅಳೆದಿದ್ದಾರೆ. ಆಗ ಇದ್ದವರು ನಮ್ಮಂಥ ಮನುಷ್ಯರೂ ಅಲ್ಲ, ನಮಗಿಂತ ಹಿಂದಿನ ಮಾನವ ಪ್ರಭೇದ. ಸುತ್ತಲಿನ ಎತ್ತರದ ನೆಲದ ಬುಡದಲ್ಲಿ ಒರತೆಗಳು ಜಿನುಗುತ್ತವೆ. ಬೇಸಿಗೆಯಲ್ಲೂ ಹಳ್ಳದಲ್ಲಿ ನೀರು. ಬೇಸಿಗೆಯಲ್ಲಿ ಒರತೆಯ ಬಳಿ ಗುಂಪು ಸೇರುವುದು, ಮಳೆಗಾಲದಲ್ಲಿ ಕಣಿವೆ ತುಂಬ ಚದುರುವುದು ಹೀಗೆ ಅವರ ವರ್ಷ ಉರುಳುತ್ತಿತ್ತು ಎಂದು ಪದ್ದಯ್ಯ ವಾದಿಸಿದರು. ಅದೇ ಸೀಮೆಯ ಬೂದಿಹಾಳದಲ್ಲಿ ಅವರೇ ಬೂದಿದಿಬ್ಬವನ್ನೂ ಅಗೆದರು. ದಿಬ್ಬದ ಪಕ್ಕದಲ್ಲೇ ಜನ ವಾಸವಿದ್ದ ಮನೆಗಳ ಗುರುತು, ದನ ಕೂಡುವ ಜಾಗ, ಕಲ್ಲಿನ ಚಕ್ಕೆ ಎಬ್ಬಿಸಿದ ಅಂಗಳ ಬಯಲಾದವು. ಲಕ್ಷಾಂತರ ವರ್ಷಗಳ ಅಂತರದ ಇಬ್ಬರು ಒಂದೇ ಕಣಿವೆಯ ನೀರಿಗೆ ಬಂದಿದ್ದರು. ಅವರ ನಡುವೆ ನಂಟಿಲ್ಲ. ಒರತೆ ಮಾತ್ರ ಇಬ್ಬರಿಗೂ ಒಂದೇ.

ಬೂದಿಯ ಕಡೆಗೆ ಮತ್ತೆ ಬರೋಣ. ತೆಲಂಗಾಣದ ಉಟ್ನೂರಿನ ದಿಬ್ಬವನ್ನು 1957ರಲ್ಲಿ ಪುರಾತತ್ವಜ್ಞ ಎಫ್. ಆರ್. ಆಲ್ಚಿನ್ ಅಗೆದಾಗ ಬೇಲಿಯ ಕಂಬ ನೆಟ್ಟ ಗುಳಿಗಳು ಸಿಕ್ಕವು, ಬೂದಿಯಲ್ಲಿ ಅಚ್ಚೊತ್ತಿದ ದನದ ಗೊರಸಿನ ಗುರುತುಗಳೂ ಸಿಕ್ಕವು. ದೊಡ್ಡಿಯೇ ಅದು. ಆದರೆ ಗೊಬ್ಬರವಾಗಬೇಕಾದ ಸಗಣಿಯನ್ನು ಅಷ್ಟು ಕಾಲ ಏಕೆ ಸುಟ್ಟರು? ಋತು ತಿರುಗುವಾಗಿನ ಬೆಂಕಿಯ ಹಬ್ಬ ಎಂದು ಆಲ್ಚಿನ್ ಯೋಚಿಸಿದರು. ದೊಡ್ಡಿಯ ಕಸ ತೆಗೆಯುವ ರೂಢಿ ಎಂದು ಕೆಲವರು, ಬೇಕೆಂದೇ ಎತ್ತರಿಸಿದ ಸ್ಮಾರಕ ಎಂದು ಇನ್ನು ಕೆಲವರು. ನನಗೆ ಇವುಗಳಲ್ಲಿ ಒಂದನ್ನೇ ಆರಿಸಬೇಕು ಅನ್ನಿಸುವುದಿಲ್ಲ. ಕಣ್ಣು ಹಾಯುವಷ್ಟು ದೂರ ಬಯಲಿರುವ ಸೀಮೆಯಲ್ಲಿ ರಾತ್ರಿ ಉರಿಯುವ ಸಗಣಿರಾಶಿ ಎಷ್ಟು ದೂರಕ್ಕೆ ಕಂಡೀತು! ಬೇಸಿಗೆಗೆ ಚದುರಿದ ದನಗಾಹಿಗಳಿಗೆ ಅದೇ ಕರೆಯೋಲೆಯೂ ಆಗಿದ್ದೀತು. ಇದು ಊಹೆ ಎಂದೇ ತಿಳಿಯಿರಿ.

ಬಂಡೆಗಳ ಮೇಲೆ ಅವರು ಕೊರೆದ ಚಿತ್ರಗಳಲ್ಲೂ ದನವೇ ದನ: ಡುಬ್ಬ ಎತ್ತಿದ, ಉದ್ದ ಕೊಂಬಿನ ದನ. ಮನುಷ್ಯರು ಅಲ್ಲಲ್ಲಿ.

ಬೆಳೆಯ ವಿಷಯ ನನಗೆ ಬಹಳ ಪ್ರೀತಿಯದು. ಸಂಗನಕಲ್ಲಿನಂಥ ಕಡೆಗಳಲ್ಲಿ ಸುಟ್ಟು ಕರಿಕಾದ ಕಾಳುಗಳನ್ನು ಮಣ್ಣಿನಿಂದ ತೇಲಿಸಿ ತೆಗೆದು, ಸಸ್ಯಪುರಾತತ್ವಜ್ಞ ಡೋರಿಯನ್ ಫುಲ್ಲರ್ ಮತ್ತು ಅವರ ಜೊತೆಗಾರರು ಗುರುತಿಸಿದರು. ಮುಖ್ಯವಾಗಿ ಸಿಕ್ಕಿದ್ದು ನಾಲ್ಕು: ಹುರುಳಿ, ಹೆಸರು, ಕೊರಲೆ, ಮತ್ತೆ ನವಣೆಯ ಜಾತಿಗೆ ಸೇರಿದ ಒಂದು ಕಿರುಧಾನ್ಯ. ಹೊರಗಿನಿಂದ ಬಂದ ಗೋಧಿ, ಬಾರ್ಲಿ ಆಮೇಲೆ ಸೇರಿಕೊಂಡವು. ನೀರು ಕಡಿಮೆ ಕೇಳುವ, ಬೇಗ ಕೊಯ್ಲಿಗೆ ಬರುವ, ಮರಳುಮಣ್ಣಿನಲ್ಲೂ ನಿಲ್ಲುವ ಬೆಳೆಗಳು ಅವು ನಾಲ್ಕೂ. ಕೊರಲೆಯನ್ನು ತುಮಕೂರು, ಚಿತ್ರದುರ್ಗದ ಕಡೆ ಮಸಾರಿ ನೆಲದಲ್ಲಿ, ಮರದ ನೆರಳಿನಲ್ಲಿ ಕೂಡ ಇವತ್ತಿಗೂ ಬೆಳೆಯುತ್ತಾರೆ. ಸಾವಿರಾರು ವರ್ಷ ಹಳೆಯ ಕೋಟೆಯನ್ನು ನೋಡಲು ನಾವು ಬಸ್ಸು ಹತ್ತುತ್ತೇವೆ. ಅದಕ್ಕಿಂತ ಹಳೆಯದಾದ ಕೊರಲೆ ಅನ್ನ ತಟ್ಟೆಯಲ್ಲಿದ್ದರೆ ಗುರುತಿಸುವುದಿಲ್ಲ.

ರಾಗಿ, ಜೋಳ ಎರಡೂ ಮೂಲದಲ್ಲಿ ಆಫ್ರಿಕಾದವು. ಅವು ಬಂದು ಹಳೆಯ ಧಾನ್ಯಗಳನ್ನು ಪಕ್ಕಕ್ಕೆ ಸರಿಸಿದವು. ಎರೆ ಭೂಮಿ ಹಿಡಿದಿಟ್ಟ ತೇವದಲ್ಲೇ ಹಿಂಗಾರಿ ಜೋಳ ಬೆಳೆಯುತ್ತದೆ. ಕಬ್ಬಿಣದ ಕುಳ ಬಂದ ಮೇಲೆ ಆ ನೆಲವೂ ಬಾಯಿ ಬಿಟ್ಟಿತು. ಹಿಂದೆ ದನಕ್ಕೆ ಬಿಟ್ಟ ಕಾವಲು ಹೊಲವಾಯಿತು. ನೆಲ ಒಂದಿಷ್ಟೂ ಬದಲಾಗಿರಲಿಲ್ಲ. ಹಾಗಾಗಿ ಭೂಗೋಳವೇ ಎಲ್ಲವನ್ನೂ ಬರೆದಿಟ್ಟಿದೆ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಬೆಟ್ಟ, ಮಣ್ಣು, ಮಳೆ ಏನು ಕೊಡಬಲ್ಲವು ಎಂಬುದು ಕೇಳುವವನ ಕೈಯಲ್ಲಿ ಯಾವ ಬೀಜ, ಯಾವ ಉಪಕರಣ ಇದೆ ಎಂಬುದರ ಮೇಲೂ ನಿಂತಿದೆ.

ಕಬ್ಬಿಣದ ಕಾಲದ ಬೃಹತ್ ಶಿಲಾಸಮಾಧಿಗಳಲ್ಲಿ ಬಂಡೆಯ ಪಾತ್ರ ಇನ್ನೂ ನೇರ. ಗಂಗಾವತಿ ಬಳಿಯ ಹಿರೇಬೆಣಕಲ್ಲಿನ ಬೆಟ್ಟದ ಮೇಲೆ ಸುಮಾರು 400 ಶಿಲಾಸ್ಮಾರಕಗಳಿವೆ. ನಾಲ್ಕು ಕಡೆ ಕಲ್ಲಿನ ಹಲಗೆ, ಮೇಲೊಂದು ಹಲಗೆ, ಕೆಲವಕ್ಕೆ ದುಂಡನೆಯ ಕಿಂಡಿ. ಗ್ರಾನೈಟ್ ಹಪ್ಪಳವಾಗಿ ಏಳುತ್ತದೆ ಎಂದೆನಲ್ಲ, ಆ ಹಪ್ಪಳಗಳೇ ಈ ಹಲಗೆಗಳು. ಕಲ್ಲು ಎಬ್ಬಿಸಿದ ಜಾಗದಲ್ಲಿ ನೀರು ನಿಂತು ಕೊಳವಾಗಿದೆ. ಕೇರಳದಲ್ಲಿ ಅದೇ ಕಬ್ಬಿಣದ ಕಾಲದ ಜನ ಮೆದುವಾದ ಜಂಬಿಟ್ಟಿಗೆಯನ್ನು ಕೊರೆದು ನೆಲದೊಳಗೆ ಕೋಣೆ ಮಾಡಿದರು, ಕೊಡೆಯಂಥ ಕಲ್ಲುಗಳನ್ನು ನಿಲ್ಲಿಸಿದರು. ಸತ್ತವರಿಗೆ ಕಲ್ಲಿನ ಮನೆ ಬೇಕು ಎಂಬ ನಂಬಿಕೆ ಒಂದೇ. ಮನೆಯ ಆಕಾರವನ್ನು ಆಯಾ ಕಡೆಯ ಕಲ್ಲು ತೀರ್ಮಾನಿಸಿತು. ಹಿರೇಬೆಣಕಲ್ಲಿನ ಸುತ್ತಲಿನವರು ಇವನ್ನು ಮೋರ್ಯರ ಮನೆ ಎನ್ನುತ್ತಾರೆ. ಕುಳ್ಳಗಿನ ಜನರಂತೆ ಮೋರ್ಯರು. ಮನೆ ಚಿಕ್ಕದಾಗಿದ್ದರಿಂದ ಒಳಗಿದ್ದವರೂ ಕುಳ್ಳಗಾದರು!

ಆಮೇಲಿನ ಕಥೆಯನ್ನು ಬೇಗ ದಾಟುತ್ತೇನೆ, ನಿಮಗೆಲ್ಲ ಗೊತ್ತಿರುವುದೇ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ 1892ರಲ್ಲಿ ಬಿ. ಎಲ್. ರೈಸ್ ಅಶೋಕನ ಶಾಸನವನ್ನು ಬೆಳಕಿಗೆ ತಂದರು. ಸುವರ್ಣಗಿರಿಯ ಆರ್ಯಪುತ್ರನಿಂದ, ಅಂದರೆ ರಾಜಕುಮಾರನಿಂದ, ಇಸಿಲ ಎಂಬ ಊರಿನ ಮಹಾಮಾತ್ರರೆಂಬ ಅಧಿಕಾರಿಗಳಿಗೆ ಹೋದ ಆಜ್ಞೆ ಅದು. ಅದೇ ಗುಡ್ಡದ ಬುಡವನ್ನು 1940ರ ದಶಕದ ಆರಂಭದಲ್ಲಿ ಎಂ. ಎಚ್. ಕೃಷ್ಣ, 1947ರಲ್ಲಿ ಮಾರ್ಟಿಮರ್ ವೀಲರ್ ಅಗೆದಾಗ ಕಲ್ಲುಗೊಡಲಿಯ ಜನ, ಅವರ ಮೇಲೆ ಶಿಲಾಸಮಾಧಿಯ ಜನ, ಅವರ ಮೇಲೆ ಸಾತವಾಹನರ ಕಾಲದವರು ಹೀಗೆ ಪದರ ಪದರವಾಗಿ ಸಿಕ್ಕರು. ಅಶೋಕನ ಹೆಸರನ್ನೇ ಹೇಳುವ ಮಸ್ಕಿಯ ಶಾಸನ 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರೊಬ್ಬರ ಕಣ್ಣಿಗೆ ಬಿತ್ತು. ಹಟ್ಟಿಯ ಚಿನ್ನದ ಸೀಮೆ ಅಲ್ಲಿಂದ ದೂರವಿಲ್ಲ. ಪಾಟಲಿಪುತ್ರದ ದೊರೆ ಹೊಸ ಜಾಗವನ್ನೇನೂ ಹುಡುಕಲಿಲ್ಲ. ಜನ ಆಗಲೇ ಸೇರುತ್ತಿದ್ದ ಬಂಡೆಯ ಮೇಲೆ ಬರೆಸಿದ. 14ನೆಯ ಶತಮಾನದಲ್ಲಿ ಇದೇ ಗುಂಡುಕಲ್ಲುಗಳು ವಿಜಯನಗರಕ್ಕೆ ಕೋಟೆಗೋಡೆಯಾದವು. ಆ ಕಾಲದ, ತುರ್ತು ಎಂಬ ಹೆಸರಿನ ಕಾಲುವೆ ಹಂಪಿಯ ಬಾಳೆತೋಟಕ್ಕೆ ಈಗಲೂ ನೀರು ಕೊಡುತ್ತಿದೆ.

ಹಾಗಾದರೆ ಮುಂದುವರಿದು ಬಂದದ್ದು ಏನು? ಇಲ್ಲಿ ಬಹಳ ಎಚ್ಚರ ಬೇಕು. ಬೂದಿದಿಬ್ಬದವರ ನೇರ ಸಂತತಿ ಇಂಥವರು ಎಂದು ಬೆರಳು ಮಾಡಿ ತೋರಿಸಲು ನಮ್ಮ ಕೈಯಲ್ಲಿ ಆಧಾರವಿಲ್ಲ, ಹಾಗೆ ತೋರಿಸುವವರನ್ನು ನಂಬಬೇಡಿ. ಅವರು ಯಾವ ಭಾಷೆ ಆಡುತ್ತಿದ್ದರೋ ಆ ಕಲ್ಲುಗಳು ಹೇಳುವುದಿಲ್ಲ. ಆದರೆ ಕನ್ನಡದ ಹಟ್ಟಿ ಎಂಬ ಮಾತನ್ನು ಗಮನಿಸಿ. ದನದ ಕೊಟ್ಟಿಗೆಯೂ ಹಟ್ಟಿ, ಜನ ಇರುವ ಕೇರಿಯೂ ಹಟ್ಟಿ. ದನ ಕೂಡಿದ ಕಡೆಯೇ ಊರು ಎಂಬ ತಿಳುವಳಿಕೆ ಆ ಒಂದು ಪದದಲ್ಲಿದೆ. ಚಿತ್ರದುರ್ಗದ ಕಡೆಯ ಮ್ಯಾಸಬೇಡರು ದೇವರ ಎತ್ತುಗಳನ್ನು ಸಾಕುತ್ತಾರೆ. ಅವನ್ನು ದುಡಿಸುವುದಿಲ್ಲ, ಮಾರುವುದಿಲ್ಲ, ಕಾಯಲು ಕಿಲಾರಿಗಳಿರುತ್ತಾರೆ. ಸಂಕ್ರಾಂತಿಯಂದು ಹಳೆಯ ಮೈಸೂರು ಸೀಮೆಯಲ್ಲಿ ದನಗಳನ್ನು ಕಿಚ್ಚು ಹಾಯಿಸುತ್ತಾರೆ. ಉತ್ತರ ಕರ್ನಾಟಕದಲ್ಲಿ ದೀಪಾವಳಿಗೆ ಸಗಣಿಯಲ್ಲಿ ಪಾಂಡವರನ್ನು ಮಾಡಿ ಇಡುತ್ತಾರೆ. ಇವೆಲ್ಲ 5000 ವರ್ಷದಿಂದ ಬಂದವು ಎಂದು ನಾನು ಹೇಳುತ್ತಿಲ್ಲ. ಬಿಸಿಲು, ಹುಲ್ಲು, ದನ, ಬೆಂಕಿ ಒಟ್ಟಿಗೇ ಇರುವ ಸೀಮೆಯಲ್ಲಿ ಜನ ಮತ್ತೆ ಮತ್ತೆ ಇಂಥ ರೂಢಿಗಳ ಹತ್ತಿರಕ್ಕೆ ಬಂದಿದ್ದಾರೆ ಎನ್ನುತ್ತಿದ್ದೇನೆ. ಕುಡತಿನಿಯ ದಿಬ್ಬ ಯಾರದೆಂಬ ನೆನಪು ಪೂರ್ತಿ ಅಳಿಸಿಹೋಗಿ ರಾಕ್ಷಸರ ಕಥೆ ಹುಟ್ಟಿತು. ಆ ದಿಬ್ಬದ ಪಕ್ಕದಲ್ಲೇ ದನ ಮೇಯಿಸುವುದು ಮಾತ್ರ ನಿಲ್ಲಲಿಲ್ಲ.

ಕೊನೆಯದಾಗಿ ಹಿರೇಗುಡ್ಡಕ್ಕೆ ಮತ್ತೊಮ್ಮೆ. ಅಲ್ಲಿನ ಕರಿಕಲ್ಲಿನ ಕೆಲವು ಗುಂಡುಗಳನ್ನು ಕಲ್ಲಿನಿಂದ ತಟ್ಟಿದರೆ ಜಾಗಟೆಯಂತೆ ದನಿ ಹೊಮ್ಮುತ್ತದೆ. ತಟ್ಟಿ ತಟ್ಟಿ ಬಿದ್ದ ಗುಳಿಗಳು ಆ ಗುಂಡುಗಳ ಮೇಲಿವೆ, ಸುತ್ತ ದನಗಳ ಚಿತ್ರಗಳಿವೆ. ಚಿತ್ರ ಕೊರೆದವರು ದನಿಯನ್ನೂ ಕೇಳಿದ್ದರು. ಈ ಗುಡ್ಡಸಾಲಿಗೆ ಕಲ್ಲುಗಣಿಯ ಪೆಟ್ಟು ಬಿದ್ದು, ಒಂದಿಷ್ಟು ಭಾಗ ಜಲ್ಲಿಯಾಗಿ ಹೋಗಿದೆ. ಶಾಸನ ಒಡೆದರೆ ಅಚ್ಚು ತೆಗೆದಿಟ್ಟ ಪ್ರತಿಯಾದರೂ ಇರುತ್ತದೆ. ದನಿ ಕೊಡುವ ಬಂಡೆಗೆ ಪ್ರತಿ ಇಲ್ಲ. ಬಳ್ಳಾರಿಯಲ್ಲಿ ಈಗ ಫೂಟ್ ಅವರ ಹೆಸರಿನಲ್ಲಿ ಸಂಗನಕಲ್ಲಿನ ವಸ್ತುಸಂಗ್ರಹಾಲಯವಿದೆ. ಮೊದಲು ಅಲ್ಲಿ ಕೊಡಲಿಗಳನ್ನು, ಮಡಕೆಗಳನ್ನು ನೋಡಿ. ಆಮೇಲೆ ಮಳೆ ನಿಂತ ಮರುದಿನ ಬೆಳಿಗ್ಗೆ, ಬಿಸಿಲೇರುವ ಮುಂಚೆ, ಗುಡ್ಡದ ಬುಡಕ್ಕೆ ಹೋಗಿ ನಿಲ್ಲಿ. ಮೇಲಿನ ಹಾಸುಬಂಡೆಯಿಂದ ನೀರು ಸಣ್ಣ ಸಣ್ಣ ಗೆರೆಗಳಾಗಿ ಇನ್ನೂ ಇಳಿಯುತ್ತಿರುತ್ತದೆ. ಆ ಗೆರೆಗಳು ಮಣ್ಣು ಮುಟ್ಟುವ ಕಡೆ ನೆಲ ನೋಡಿ. ಕೆಂಪು ಮಣ್ಣಿನಲ್ಲಿ ಹಳೆಯ ಮಡಕೆಯ ಚೂರುಗಳು ಕಾಣುತ್ತವೆ. ಎತ್ತಿಕೊಂಡು ಬರಬೇಡಿ, ಅಲ್ಲೇ ಇರಲಿ.